ಸ್ಕಿಜೋಫ್ರೇನಿಯಾ: ಆನುವಂಶಿಕ ಕಾರಣಗಳ ಹುಡುಕಾಟ

ಸ್ಕಿಜೋಫ್ರೇನಿಯಾ ಯೋಚನೆ, ಗ್ರಹಿಕೆ, ಭಾವನೆಗಳ ಹೊಂದಾಣಿಕೆಯನ್ನು ಕೆಡಿಸುವ ತೀವ್ರ ಮನೋರೋಗ. ಕನ್ನಡದಲ್ಲಿ ಇದನ್ನು ಇಚ್ಛಿತ್ತ ವಿಕಲತೆ, ಛಿದ್ರಮನಸ್ಕತೆ ಎಂದೂ ಕರೆಯುವುದುಂಟು. ಯಾರೂ ಇಲ್ಲದಿದ್ದರೂ ಮಾತು ಕೇಳಿಸುವುದು, ತನ್ನ ವಿರುದ್ಧ ಸಂಚು ನಡೆದಿದೆ ಎಂಬ ಕದಲಿಸಲಾಗದ ನಂಬಿಕೆ, ಮಾತಿನ ಕೊಂಡಿ ತಪ್ಪುವುದು, ಉತ್ಸಾಹ ಬತ್ತಿ ಜನರಿಂದ ದೂರವಾಗುವುದು ಇದರ ಮುಖ್ಯ ಲಕ್ಷಣಗಳು. ಹೆಚ್ಚಿನವರಲ್ಲಿ ಇದು ಹದಿಹರೆಯದ ಕೊನೆಗೂ ಮೂವತ್ತೈದರ ವಯಸ್ಸಿಗೂ ನಡುವೆ ತಲೆದೋರುತ್ತದೆ. ಜೀವಮಾನದಲ್ಲಿ ಈ ಕಾಯಿಲೆಗೆ ಒಳಗಾಗುವವರು ನೂರಕ್ಕೆ ಸುಮಾರು ಒಬ್ಬರು. ಕೆಲವು ಮನೆಗಳಲ್ಲಿ ಇದು ಒಬ್ಬರಿಗಿಂತ ಹೆಚ್ಚು ಜನರಿಗೆ ಬರುತ್ತದೆ ಎಂಬುದನ್ನು ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲೇ ಗಮನಿಸಿದ್ದರು. ಅದಕ್ಕೆ ಕಾರಣವಾದ ಜೀನು ಯಾವುದು ಎಂದು ಕೇಳುತ್ತ ಶುರುವಾದ ಹುಡುಕಾಟ ಎಂಬತ್ತು ತೊಂಬತ್ತು ವರ್ಷ ದಾರಿ ತಪ್ಪುತ್ತಲೇ ಸಾಗಿತು, ಏಕೆಂದರೆ ಆ ಪ್ರಶ್ನೆಯೇ ಸರಿಯಾಗಿರಲಿಲ್ಲ. ಅಂಥ ಒಂದು ಜೀನು ಇಲ್ಲ. ಇರುವುದು ನೂರಾರು ಜೀನುಗಳ ಸಣ್ಣ ಸಣ್ಣ ಪಾಲು, ಜೊತೆಗೆ ಅಪರೂಪದ ಕೆಲವು ದೊಡ್ಡ ಏರುಪೇರು.

ಮ್ಯೂನಿಕ್‌ನಿಂದ ಮೊದಲು

ಜರ್ಮನಿಯ ಎಮಿಲ್ ಕ್ರೆಪೆಲಿನ್ ಈ ಕಾಯಿಲೆಯನ್ನು ‘ಡಿಮೆನ್ಷಿಯಾ ಪ್ರೀಕಾಕ್ಸ್’ ಎಂಬ ಹೆಸರಿನಲ್ಲಿ ವಿವರಿಸಿದ್ದ. ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು 1908ರಲ್ಲಿ ಕೊಟ್ಟವನು ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲೂಲರ್. ಮ್ಯೂನಿಕ್‌ನಲ್ಲಿದ್ದ ಕ್ರೆಪೆಲಿನ್‌ನ ಶಿಷ್ಯ ಅರ್ನ್ಸ್ಟ್ ರೂಡಿನ್ 1916ರಲ್ಲಿ ರೋಗಿಗಳ ಒಡಹುಟ್ಟಿದವರನ್ನು ಕುರಿತ ದೊಡ್ಡ ಅಧ್ಯಯನವೊಂದನ್ನು ಪ್ರಕಟಿಸಿದ. ಮೆಂಡಲ್‌ನ ನಿಯಮದಂತೆ ಒಂದೇ ಸುಪ್ತ ಜೀನಿನಿಂದ ಕಾಯಿಲೆ ಬರುವುದಾದರೆ, ಆರೋಗ್ಯವಂತ ತಂದೆತಾಯಿಯ ಮಕ್ಕಳಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಅದು ಕಾಣಿಸಬೇಕು. ರೂಡಿನ್‌ಗೆ ಸಿಕ್ಕ ಪ್ರಮಾಣ ನೂರಕ್ಕೆ ಐದೂ ಇರಲಿಲ್ಲ. ಅವನು ಅಲ್ಲಿಗೇ ನಿಂತು ಯೋಚಿಸಿದ್ದರೆ ಬಹುಜೀನು ಸಿದ್ಧಾಂತ ಅರ್ಧ ಶತಮಾನ ಮೊದಲೇ ಹುಟ್ಟುತ್ತಿತ್ತೇನೋ.

ಆದದ್ದೇ ಬೇರೆ. ಲೆಕ್ಕ ಹೊಂದದಿದ್ದರೂ ರೂಡಿನ್‌ನ ನಂಬಿಕೆ ಗಟ್ಟಿಯಾಗುತ್ತ ಹೋಯಿತು. 1933ರ ಜುಲೈನಲ್ಲಿ ನಾಜಿ ಸರ್ಕಾರ ‘ಆನುವಂಶಿಕ ರೋಗವುಳ್ಳ ಸಂತಾನ ತಡೆ’ ಕಾನೂನು ತಂದಾಗ ಅದರ ಅಧಿಕೃತ ವ್ಯಾಖ್ಯಾನವನ್ನು ಬರೆದವರಲ್ಲಿ ಅವನೂ ಒಬ್ಬ. ಬಲವಂತದ ಸಂತಾನಹರಣಕ್ಕೆ ಆ ಕಾನೂನು ಪಟ್ಟಿ ಮಾಡಿದ ಕಾಯಿಲೆಗಳಲ್ಲಿ ಸ್ಕಿಜೋಫ್ರೇನಿಯಾ ಸೇರಿತ್ತು. ಸುಮಾರು 4 ಲಕ್ಷ ಜನರಿಗೆ ಈ ಶಸ್ತ್ರಕ್ರಿಯೆಯಾಯಿತು. 1940–41ರಲ್ಲಿ ‘ಟಿ4’ ಎಂಬ ಗುಟ್ಟಿನ ಕಾರ್ಯಕ್ರಮದಡಿ 70,000ಕ್ಕೂ ಹೆಚ್ಚು ಆಸ್ಪತ್ರೆವಾಸಿಗಳನ್ನು ವಿಷಾನಿಲದಿಂದ ಕೊಂದರು. ಸಂತಾನಶಕ್ತಿಯನ್ನೋ ಪ್ರಾಣವನ್ನೋ ಕಳೆದುಕೊಂಡ ಸ್ಕಿಜೋಫ್ರೇನಿಯಾ ರೋಗಿಗಳ ಸಂಖ್ಯೆ 2,20,000ದಿಂದ 2,69,500 ಎಂದು 2010ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ಹೇಳುತ್ತದೆ. ಯುದ್ಧದ ನಂತರ ಜರ್ಮನಿಯಲ್ಲಿ ಹೊಸ ರೋಗಿಗಳ ಪ್ರಮಾಣ ಇದರಿಂದ ತಗ್ಗಲಿಲ್ಲ. ಸ್ಕಿಜೋಫ್ರೇನಿಯಾ ಬರುವ ಬಹುಪಾಲು ಜನರ ತಂದೆತಾಯಿಗೆ ಆ ಕಾಯಿಲೆ ಇರುವುದೇ ಇಲ್ಲ. ಈ ಸರಳ ಸಂಗತಿ ರೂಡಿನ್‌ನ ಸ್ವಂತ ಕೋಷ್ಟಕಗಳಲ್ಲೇ ಇತ್ತು. ಈ ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಈ ಪುಟವನ್ನು ಅಡಿಟಿಪ್ಪಣಿಗೆ ಇಳಿಸಬಾರದು.

ಅವಳಿಗಳು, ದತ್ತು ಮಕ್ಕಳು

ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಫ್ರಾಂಟ್ಸ್ ಕಾಲ್‌ಮನ್, ರೋಗಿಗಳ ಆರೋಗ್ಯವಂತ ಬಂಧುಗಳಿಗೂ ಸಂತಾನಹರಣ ಮಾಡಬೇಕೆಂದು ವಾದಿಸಿದ್ದವನು. ಯಹೂದಿ ಮೂಲದವನೆಂಬ ಕಾರಣಕ್ಕೆ ಅವನೇ 1936ರಲ್ಲಿ ನ್ಯೂಯಾರ್ಕ್‌ಗೆ ಓಡಬೇಕಾಯಿತು. ಅಲ್ಲಿ 1946ರಲ್ಲಿ ಪ್ರಕಟಿಸಿದ ಅವಳಿಗಳ ಅಧ್ಯಯನದಲ್ಲಿ, ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಇನ್ನೊಬ್ಬರಿಗೂ ಬರುವ ಸಾಧ್ಯತೆ ಶೇ. 86 ಎಂದ. ಹಳೆಯ, ತೀವ್ರ ಸ್ವರೂಪದ ರೋಗಿಗಳನ್ನೇ ಹೆಚ್ಚಾಗಿ ಆಸ್ಪತ್ರೆಗಳಿಂದ ಆರಿಸಿಕೊಂಡದ್ದರಿಂದ ಬಂದ ಉಬ್ಬಿದ ಅಂಕಿ ಅದು. ಇಡೀ ದೇಶದ ಅವಳಿಗಳ ದಾಖಲೆಯನ್ನು ಬಳಸಿದ ಡೆನ್ಮಾರ್ಕಿನ 2018ರ ಅಧ್ಯಯನದಲ್ಲಿ ಇದೇ ಪ್ರಮಾಣ ಶೇ. 33ಕ್ಕೆ ಇಳಿಯಿತು, ತದ್ರೂಪಿಗಳಲ್ಲದ ಅವಳಿಗಳಲ್ಲಿ ಶೇ. 7.

ಅವಳಿಗಳು ಒಂದೇ ಮನೆಯಲ್ಲಿ, ಒಬ್ಬಳೇ ತಾಯಿಯ ಕೈಯಲ್ಲಿ ಬೆಳೆಯುತ್ತಾರಲ್ಲ, ತಪ್ಪು ಸಾಕಣೆಯದ್ದೇ ಇರಬಾರದೇಕೆ ಎಂಬ ಆಕ್ಷೇಪ ಆಗ ಬಲವಾಗಿತ್ತು. ಅಮೆರಿಕದ ಮನೋವಿಶ್ಲೇಷಕಿ ಫ್ರೀಡಾ ಫ್ರಾಮ್-ರೈಕ್‌ಮನ್ 1948ರಲ್ಲಿ, ಮಗುವನ್ನು ತಣ್ಣಗೆ ದೂರವಿಡುವ ತಾಯಿಯಿಂದಲೇ ಸ್ಕಿಜೋಫ್ರೇನಿಯಾ ಹುಟ್ಟುತ್ತದೆಂಬ ಅರ್ಥದ ಮಾತು ಆಡಿದ್ದಳು. ಮುಂದಿನ ಎರಡು ಮೂರು ದಶಕ ಅಮೆರಿಕದ ವೈದ್ಯರು ಸಾವಿರಾರು ತಾಯಂದಿರ ಮುಖಕ್ಕೇ ಹೀಗೆ ಹೇಳಿ ಕಳಿಸಿದರು. ಮಗನ ಕಾಯಿಲೆಯ ದುಃಖದ ಮೇಲೆ ಅದಕ್ಕೆ ತಾನೇ ಕಾರಣ ಎಂಬ ಅಪರಾಧದ ಹೊರೆಯೂ ಸೇರಿತು.

ಇದಕ್ಕೆ ಉತ್ತರ ಸಿಕ್ಕಿದ್ದು ದತ್ತು ಮಕ್ಕಳ ಅಧ್ಯಯನಗಳಿಂದ. ಲೆನರ್ಡ್ ಹೆಸ್ಟನ್ ಆರೆಗನ್ ರಾಜ್ಯದ ಮನೋರೋಗ ಆಸ್ಪತ್ರೆಗಳ ಹಳೆಯ ಕಡತಗಳನ್ನು ತೆರೆದು, ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ ಮೊದಲ ಮೂರು ದಿನದೊಳಗೇ ಅವರಿಂದ ಬೇರೆಯಾದ 47 ಮಕ್ಕಳನ್ನು ಗುರುತಿಸಿದ. ಹಾಗೆಯೇ ಬೇರೆಯಾಗಿ ಬೆಳೆದ, ಆದರೆ ತಾಯಿಗೆ ಈ ಕಾಯಿಲೆ ಇರದಿದ್ದ 50 ಮಕ್ಕಳನ್ನು ಹೋಲಿಕೆಗೆ ಇಟ್ಟುಕೊಂಡ. ಅವರೆಲ್ಲ ಬೆಳೆದು ದೊಡ್ಡವರಾಗಿ ದೇಶದ ಮೂಲೆಮೂಲೆ ಸೇರಿದ್ದರು. ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಿ ಮಾತಾಡಿಸಿ, 1966ರಲ್ಲಿ ಫಲಿತಾಂಶ ಪ್ರಕಟಿಸಿದ: ಮೊದಲ ಗುಂಪಿನಲ್ಲಿ ಐವರಿಗೆ ಸ್ಕಿಜೋಫ್ರೇನಿಯಾ, ಎರಡನೆಯ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಸೇಮೂರ್ ಕೆಟಿ, ಡೇವಿಡ್ ರೋಸೆಂತಾಲ್, ಪಾಲ್ ವೆಂಡರ್ ಜೊತೆಗೂಡಿ ಕೋಪನ್‌ಹೇಗನ್‌ನ ಸುಮಾರು 5,500 ದತ್ತು ದಾಖಲೆಗಳಿಂದ ಇನ್ನೊಂದು ದಿಕ್ಕಿನಲ್ಲಿ ಹೊರಟರು. ಕಾಯಿಲೆ ಬಂದ ದತ್ತು ಮಕ್ಕಳ ಹೆತ್ತ ಕುಟುಂಬದಲ್ಲಿ ಅದು ಹೆಚ್ಚಾಗಿತ್ತು. ಸಾಕಿದ ಕುಟುಂಬದಲ್ಲಿ ಹೆಚ್ಚಿರಲಿಲ್ಲ. ತಾಯಿಯ ಮೇಲಿನ ಆರೋಪ ನಿಲ್ಲುವಂಥದ್ದಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ಇಷ್ಟಾದ ಮೇಲೂ ಕಾಯಿಲೆ ಯಾವ ರೀತಿಯಲ್ಲಿ ಹರಿದುಬರುತ್ತದೆ ಎಂಬ ಪ್ರಶ್ನೆ ಉಳಿದಿತ್ತು. 1967ರಲ್ಲಿ ಇರ್ವಿಂಗ್ ಗಾಟ್ಸ್‌ಮನ್ ಮತ್ತು ಜೇಮ್ಸ್ ಶೀಲ್ಡ್ಸ್, ಇದು ಎತ್ತರದಂತೆ ಅನೇಕ ಜೀನುಗಳು ಕೂಡಿ ರೂಪಿಸುವ ಪ್ರವೃತ್ತಿ, ಆ ಪ್ರವೃತ್ತಿ ಒಂದು ಮಟ್ಟ ದಾಟಿದಾಗ ಮಾತ್ರ ಕಾಯಿಲೆಯಾಗಿ ಹೊರಬೀಳುತ್ತದೆ ಎಂದರು. ಇದೇ ಸರಿ ಎಂದು ಅಂಕಿಅಂಶಗಳಿಂದ ಸಾಬೀತಾಗಲು ಮತ್ತೆ 42 ವರ್ಷ ಹಿಡಿಯಿತು.

ಇಲ್ಲಿ ಒಂದು ವಿವರಣೆ ಅಗತ್ಯ. ಸ್ಕಿಜೋಫ್ರೇನಿಯಾದ ಅನುವಂಶೀಯತೆ ಶೇ. 80ರ ಹತ್ತಿರ ಎಂದು ಪುಸ್ತಕಗಳಲ್ಲಿ ಓದಿದವರು, ತಂದೆಗಿದ್ದರೆ ಮಗನಿಗೆ ಬರುವ ಸಾಧ್ಯತೆಯೇ ಶೇ. 80 ಎಂದುಕೊಂಡು ಕಂಗಾಲಾಗುತ್ತಾರೆ. ಆ ಅಂಕಿ ಹೇಳುವುದು ಅದನ್ನಲ್ಲ. ಒಂದು ಜನಸಮುದಾಯದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಈ ಪ್ರವೃತ್ತಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಜೀನುಗಳ ಪಾಲು ಎಷ್ಟು ಎಂಬುದನ್ನಷ್ಟೇ ಅದು ಅಳೆಯುತ್ತದೆ. ತಂದೆ ಅಥವಾ ತಾಯಿ ಒಬ್ಬರಿಗೆ ಕಾಯಿಲೆ ಇದ್ದಾಗ ಮಗುವಿಗೆ ಬರುವ ಸಾಧ್ಯತೆ ಹತ್ತರಲ್ಲಿ ಒಂದರ ಆಸುಪಾಸು. ಅಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬರುವುದಿಲ್ಲ.

ಐದನೆಯ ವರ್ಣತಂತು, ಸ್ಕಾಟ್ಲೆಂಡಿನ ಒಂದು ಕುಟುಂಬ

1980ರ ದಶಕದಲ್ಲಿ ಹಂಟಿಂಗ್ಟನ್ ಕಾಯಿಲೆಯ ಜೀನಿನ ಜಾಗ ಪತ್ತೆಯಾದ ಮೇಲೆ ಮನೋರೋಗ ತಜ್ಞರಿಗೂ ಹುರುಪು ಬಂತು. ಕೆನಡಾದಲ್ಲಿ ಏಷ್ಯಾ ಮೂಲದ ಸೋದರಮಾವ ಮತ್ತು ಅಳಿಯ ಇಬ್ಬರಿಗೂ ಸ್ಕಿಜೋಫ್ರೇನಿಯಾ ಇತ್ತು; ಇಬ್ಬರಲ್ಲೂ 5ನೆಯ ವರ್ಣತಂತುವಿನ ಒಂದು ತುಂಡು ಹೆಚ್ಚಾಗಿತ್ತು. ಈ ಸುಳಿವು ಹಿಡಿದ ಲಂಡನ್ನಿನ ಹ್ಯೂ ಗರ್ಲಿಂಗ್ ತಂಡ ಐಸ್‌ಲೆಂಡಿನ ಐದು, ಇಂಗ್ಲೆಂಡಿನ ಎರಡು ಕುಟುಂಬಗಳನ್ನು ಪರೀಕ್ಷಿಸಿ, ಕಾಯಿಲೆಗೆ ಕಾರಣವಾದ ಜೀನು ಅದೇ ವರ್ಣತಂತುವಿನಲ್ಲಿದೆ ಎಂದು 1988ರ ನವೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಾರಿತು. ಉತ್ತರ ಸ್ವೀಡನ್ನಿನ ದೊಡ್ಡ ಕುಟುಂಬವೊಂದರಲ್ಲಿ ಅಂಥ ಯಾವ ನಂಟೂ ಇಲ್ಲ ಎಂಬ ಕೆನೆತ್ ಕಿಡ್ ತಂಡದ ವರದಿಯೂ ಅದೇ ಸಂಚಿಕೆಯಲ್ಲಿ ಅಚ್ಚಾಗಿತ್ತು. ಮುಂದೆ ಎಷ್ಟು ತಂಡಗಳು ಹುಡುಕಿದರೂ ಆ ಜೀನು ಸಿಗಲಿಲ್ಲ.

ಎಡಿನ್‌ಬರೋದ ಶೋಧದ ಕಥೆ ಇನ್ನೂ ಸಿಕ್ಕಲಿನದು. ಸ್ಕಾಟ್ಲೆಂಡಿನ ಒಂದು ಕುಟುಂಬದಲ್ಲಿ 1 ಮತ್ತು 11ನೆಯ ವರ್ಣತಂತುಗಳು ಮುರಿದು ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಈ ಬದಲಾವಣೆ ಹೊತ್ತಿದ್ದ 29 ಜನರನ್ನು ಮನೋವೈದ್ಯರು ಸಂದರ್ಶಿಸಿದಾಗ 7 ಮಂದಿಗೆ ಸ್ಕಿಜೋಫ್ರೇನಿಯಾ, ಒಬ್ಬರಿಗೆ ಬೈಪೋಲಾರ್ ಕಾಯಿಲೆ, 10 ಮಂದಿಗೆ ಮರುಕಳಿಸುವ ಖಿನ್ನತೆ ಇತ್ತು. 2000ದಲ್ಲಿ ಮುರಿದ ಜಾಗದಲ್ಲಿದ್ದ ಜೀನನ್ನು ಗುರುತಿಸಿ ಡಿಸ್ಕ್-1 ಎಂದು ಹೆಸರಿಟ್ಟರು. ಆ ಕುಟುಂಬದ ಮಟ್ಟಿಗೆ ಈ ಏರುಪೇರಿನ ಪರಿಣಾಮ ನಿಜವೇ. ಆದರೆ ಜಗತ್ತಿನ ಉಳಿದ ರೋಗಿಗಳಲ್ಲಿ ಡಿಸ್ಕ್-1ರ ಪಾತ್ರ ಎದ್ದು ಕಾಣಲಿಲ್ಲ. ಒಂದೇ ಏರುಪೇರು ಮೂರು ಬೇರೆ ಹೆಸರಿನ ಕಾಯಿಲೆಗಳಾಗಿ ತೋರಿತ್ತು ಎಂಬ ಅಂಶಕ್ಕೆ ಆಗ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

ಅದೇ ವರ್ಷಗಳಲ್ಲಿ ಸಿಒಎಂಟಿ, ನ್ಯೂರೆಗ್ಯುಲಿನ್-1, ಡಿಸ್‌ಬೈಂಡಿನ್ ಹೀಗೆ ಅನುಮಾನಿತ ಜೀನುಗಳ ಮೇಲೆ ನೂರಾರು ಪ್ರಬಂಧಗಳು ಬಂದವು. ಸಂಶೋಧಕರು ತಮಗೆ ತೋಚಿದ ಜೀನನ್ನು ಎತ್ತಿಕೊಂಡು ಕೆಲವು ನೂರು ರೋಗಿಗಳಲ್ಲಿ ಪರೀಕ್ಷಿಸುತ್ತಿದ್ದರು. ಒಬ್ಬರಿಗೆ ಸಿಕ್ಕ ಫಲ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಹೆಚ್ಚು ಪ್ರಚಾರ ಪಡೆದ 14 ಜೀನುಗಳನ್ನು 2008ರಲ್ಲಿ ದೊಡ್ಡ ಗುಂಪಿನಲ್ಲಿ ಒಟ್ಟಿಗೆ ಪರೀಕ್ಷಿಸಿದಾಗ ಒಂದೂ ನಿಲ್ಲಲಿಲ್ಲ.

ಲಕ್ಷಗಳ ಲೆಕ್ಕ

ಪರಿಹಾರ ಬಂದದ್ದು ಸಂಖ್ಯೆಯಿಂದ. ಇಡೀ ಜೀನೋಮ್‌ನ ಉದ್ದಕ್ಕೂ ಜನರಿಂದ ಜನರಿಗೆ ಒಂದೊಂದು ಅಕ್ಷರದಷ್ಟು ಬದಲಾಗುವ ಲಕ್ಷಾಂತರ ಜಾಗಗಳಿವೆ. ಅವನ್ನೆಲ್ಲ ಸಣ್ಣ ಚಿಪ್‌ನ ಮೇಲೆ ಒಮ್ಮೆಗೇ ಓದುವ ತಂತ್ರ ಅಗ್ಗವಾದಾಗ, ರೋಗಿಗಳನ್ನೂ ಆರೋಗ್ಯವಂತರನ್ನೂ ಸಾವಿರಗಟ್ಟಲೆ ಹೋಲಿಸಲು ಸಾಧ್ಯವಾಯಿತು. ಇಷ್ಟು ಜಾಗಗಳನ್ನು ಪರೀಕ್ಷಿಸುವಾಗ ಆಕಸ್ಮಿಕ ಹೋಲಿಕೆಗಳು ನುಸುಳದಂತೆ ತಡೆಯಲು ಬಹಳ ಕಟ್ಟುನಿಟ್ಟಿನ ಮಾನದಂಡ ಬೇಕು. ಆ ಮಾನದಂಡ ದಾಟಬೇಕಾದರೆ ಬಹಳ ಜನ ಬೇಕು. ಒಂದು ಆಸ್ಪತ್ರೆಯಿಂದಾಗಲಿ ಒಂದು ದೇಶದಿಂದಾಗಲಿ ಆಗುವ ಕೆಲಸ ಇದಲ್ಲ. 2007ರಲ್ಲಿ ಹುಟ್ಟಿದ ಸೈಕಿಯಾಟ್ರಿಕ್ ಜೀನೋಮಿಕ್ಸ್ ಕನ್ಸಾರ್ಷಿಯಂನಲ್ಲಿ, ಅಲ್ಲಿಯವರೆಗೆ ಪರಸ್ಪರ ಸ್ಪರ್ಧೆಗಿಳಿದಿದ್ದ ತಂಡಗಳು ತಮ್ಮ ಮಾಹಿತಿಯನ್ನು ಒಟ್ಟು ಸೇರಿಸಿದವು. ಈ ಕ್ಷೇತ್ರ ನೂರು ವರ್ಷದಲ್ಲಿ ಕೈಗೊಂಡ ಅತ್ಯಂತ ವಿವೇಕದ ತೀರ್ಮಾನ ಇದೇ.

2009ರಲ್ಲಿ ಶಾನ್ ಪರ್ಸೆಲ್ ಮುಂತಾದವರು, ಒಂದೊಂದಾಗಿ ನೋಡಿದರೆ ಲೆಕ್ಕಕ್ಕೇ ಬಾರದ ಸಾವಿರಾರು ವ್ಯತ್ಯಾಸಗಳನ್ನು ಕೂಡಿಸಿದಾಗ ರೋಗಿಗಳ ಗುಂಪು ಬೇರೆಯಾಗಿ ಕಾಣುತ್ತದೆಂದು ತೋರಿಸಿದರು. ಗಾಟ್ಸ್‌ಮನ್ ಮತ್ತು ಶೀಲ್ಡ್ಸ್ ಊಹಿಸಿದ್ದಕ್ಕೆ ಆಧಾರ ಸಿಕ್ಕಿತು. 2014ರಲ್ಲಿ 36,989 ರೋಗಿಗಳು ಮತ್ತು 1,13,075 ಇತರರ ಹೋಲಿಕೆಯಿಂದ ಜೀನೋಮ್‌ನ 108 ಜಾಗಗಳು ಗುರುತಾದವು. 2022ರ ಹೊತ್ತಿಗೆ ರೋಗಿಗಳ ಸಂಖ್ಯೆ 76,755ಕ್ಕೇರಿತು, ಜಾಗಗಳು 287 ಆದವು. ಈ ಜಾಗಗಳ ಜೀನುಗಳು ಹೆಚ್ಚಾಗಿ ಕೆಲಸ ಮಾಡುವುದು ಮಿದುಳಿನ ನರಕೋಶಗಳಲ್ಲಿ, ಅದರಲ್ಲೂ ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸುವ ಸಿನಾಪ್ಸ್‌ಗಳಲ್ಲಿ. ಇಲ್ಲಿನ ಪ್ರತಿಯೊಂದು ವ್ಯತ್ಯಾಸವೂ ಅಪಾಯವನ್ನು ಹೆಚ್ಚಿಸುವುದು ಸಾಮಾನ್ಯವಾಗಿ ನೂರಕ್ಕೆ ಐದೋ ಹತ್ತೋ ಪಾಲು. ಅವು ನಮ್ಮೆಲ್ಲರಲ್ಲೂ ಇವೆ. ಸ್ಕಿಜೋಫ್ರೇನಿಯಾದ ಜೀನು ಇರುವವರು, ಇಲ್ಲದವರು ಎಂದು ಜನರನ್ನು ವಿಂಗಡಿಸುವುದು ಅರ್ಥಹೀನ.

ಅತಿ ಬಲವಾದ ಸುಳಿವು ಸಿಕ್ಕ ಜಾಗ 6ನೆಯ ವರ್ಣತಂತುವಿನ ಎಂಎಚ್‌ಸಿ ಭಾಗ. ರೋಗನಿರೋಧಕ ವ್ಯವಸ್ಥೆಯ ಜೀನುಗಳು ಕಿಕ್ಕಿರಿದ ಪ್ರದೇಶ ಇದು. ಮನೋರೋಗಕ್ಕೂ ಇದಕ್ಕೂ ಏನು ಸಂಬಂಧ? ಹಾರ್ವರ್ಡ್‌ನ ಸ್ಟೀವನ್ ಮೆಕ್ಯಾರಲ್ ಪ್ರಯೋಗಾಲಯದಲ್ಲಿ ಅಶ್ವಿನ್ ಶೇಖರ್ ಇದರ ಬೆನ್ನು ಹತ್ತಿದರು. ಅಲ್ಲಿ ಸಿ4 ಎಂಬ ಜೀನಿದೆ. ಎ, ಬಿ ಎಂದು ಎರಡು ಬಗೆ. ಅವುಗಳ ಪ್ರತಿಗಳ ಸಂಖ್ಯೆಯೂ ಉದ್ದವೂ ಜನರಿಂದ ಜನರಿಗೆ ಬೇರೆಬೇರೆ. ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಪರೀಕ್ಷಿಸಿ, ಯಾವ ರಚನೆ ಎಷ್ಟು ಸಿ4 ಪ್ರೋಟೀನ್ ತಯಾರಿಸುತ್ತದೆಂದು ಮೊದಲು ತಿಳಿದುಕೊಂಡರು. ನಂತರ 28,799 ರೋಗಿಗಳ ಮಾಹಿತಿಗೆ ಅದನ್ನು ಹೊಂದಿಸಿ ನೋಡಿದರೆ, ಮಿದುಳಿನಲ್ಲಿ ಸಿ4ಎ ಹೆಚ್ಚು ತಯಾರಾದಷ್ಟೂ ಅಪಾಯ ಹೆಚ್ಚು. ದೇಹದಲ್ಲಿ ಬೇಡದ ಕಣಗಳಿಗೆ ಗುರುತು ಹಾಕಿ ತೆಗೆಸುವುದು ಈ ಪ್ರೋಟೀನಿನ ಕೆಲಸ. ಹದಿಹರೆಯದ ಮಿದುಳಿನಲ್ಲಿ ಬಳಕೆಯಾಗದ ಸಿನಾಪ್ಸ್‌ಗಳನ್ನು ಕತ್ತರಿಸಿ ಹಾಕುವ ಕ್ರಿಯೆ ನಡೆಯುತ್ತಿರುತ್ತದೆ. ಬೆಥ್ ಸ್ಟೀವನ್ಸ್ ಜೊತೆ ಇಲಿಗಳಲ್ಲಿ ಮಾಡಿದ ಪ್ರಯೋಗದಲ್ಲಿ ಸಿ4 ಇಲ್ಲದಿದ್ದರೆ ಈ ಕತ್ತರಿಸುವಿಕೆ ತಗ್ಗಿತು. ಕಾಯಿಲೆ ತಲೆದೋರುವ ವಯಸ್ಸೂ ಈ ಕ್ರಿಯೆಯ ವಯಸ್ಸೂ ಸರಿಸುಮಾರು ಒಂದೇ. 2016ರಲ್ಲಿ ಬಂದ ಈ ಅಧ್ಯಯನಕ್ಕೆ ಸಿಕ್ಕ ಮೆಚ್ಚುಗೆ ನ್ಯಾಯವಾದದ್ದೇ. ಆದರೂ ಅತಿ ಅಪಾಯದ ಸಿ4 ರಚನೆ ಸಾಧ್ಯತೆಯನ್ನು ಹೆಚ್ಚಿಸುವುದು ಸುಮಾರು 1.3 ಪಟ್ಟು ಮಾತ್ರ.

ಅಪರೂಪದ ದೊಡ್ಡ ಏರುಪೇರುಗಳು

ಸುಮಾರು 2,000ದಿಂದ 4,000 ಶಿಶುಗಳಲ್ಲಿ ಒಂದು 22ನೆಯ ವರ್ಣತಂತುವಿನ ಸಣ್ಣ ತುಂಡೊಂದನ್ನು ಕಳೆದುಕೊಂಡು ಹುಟ್ಟುತ್ತದೆ. ಹೃದಯದ ದೋಷ, ಸೀಳಂಗಳ, ರಕ್ತದಲ್ಲಿ ಕ್ಯಾಲ್ಸಿಯಂ ಕೊರತೆ, ಕಲಿಕೆಯ ತೊಡಕು ಇದರಿಂದ ಬರಬಹುದು. ಇಂಥವರು ದೊಡ್ಡವರಾದಾಗ ನಾಲ್ಕೈದರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಅಥವಾ ಅದನ್ನು ಹೋಲುವ ಕಾಯಿಲೆ ಬರುತ್ತದೆ. ಅದೇ ತುಂಡು ಕಳೆದುಹೋಗುವ ಬದಲು ಇಮ್ಮಡಿಯಾಗಿದ್ದರೆ ಅಪಾಯ ಸಾಮಾನ್ಯರಿಗಿಂತಲೂ ಕಡಿಮೆ ಎಂಬುದು ಸೋಜಿಗದ ಸಂಗತಿ. 1ನೆಯ, 3ನೆಯ, 15ನೆಯ, 16ನೆಯ ವರ್ಣತಂತುಗಳಲ್ಲೂ ಇಂಥ ಲೋಪಗಳೋ ಇಮ್ಮಡಿಕೆಗಳೋ ಪತ್ತೆಯಾಗಿವೆ. ಇವುಗಳಲ್ಲಿ ಎಷ್ಟೋ ತಂದೆತಾಯಿಯಲ್ಲಿ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಉಂಟಾದವು. ಸ್ಕಿಜೋಫ್ರೇನಿಯಾ ಇರುವವರಿಗೆ ಮಕ್ಕಳಾಗುವುದು ಕಡಿಮೆಯಾದರೂ ಕಾಯಿಲೆ ಏಕೆ ಅಳಿದುಹೋಗಿಲ್ಲ ಎಂಬ ಹಳೆಯ ಒಗಟಿನ ಒಂದು ಭಾಗ ಹೀಗೆ ಬಿಡಿಸಿಕೊಂಡಿತು.

2022ರಲ್ಲಿ ಬಂದ ‘ಸ್ಕೀಮಾ’ ಅಧ್ಯಯನ 24,248 ರೋಗಿಗಳ ಜೀನುಗಳ ಪ್ರೋಟೀನ್ ರೂಪಿಸುವ ಭಾಗವನ್ನು ಪೂರ್ತಿ ಓದಿ, ಕೆಟ್ಟುಹೋದರೆ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುವ ಹತ್ತು ಜೀನುಗಳನ್ನು ಹೆಸರಿಸಿತು. ಅವುಗಳಲ್ಲಿ ಜಿಆರ್‌ಐಎನ್2ಎ ಗಮನಾರ್ಹ, ಏಕೆಂದರೆ ಸಣ್ಣ ಪರಿಣಾಮದ ಜಾಗಗಳ ಪಟ್ಟಿಯಲ್ಲೂ ಅದೇ ಜೀನಿದೆ. ಗ್ಲೂಟಮೇಟ್ ಎಂಬ ರಾಸಾಯನಿಕದ ಸಂದೇಶವನ್ನು ಹಿಡಿಯುವ ಎನ್‌ಎಂಡಿಎ ಗ್ರಾಹಕದ ಒಂದು ಭಾಗವನ್ನು ಅದು ತಯಾರಿಸುತ್ತದೆ. ಈ ಗ್ರಾಹಕವನ್ನು ತಡೆಯುವ ಕೆಟಮಿನ್‌ನಂಥ ಔಷಧಿಗಳು ಆರೋಗ್ಯವಂತರಲ್ಲೂ ಭ್ರಮೆ ಹುಟ್ಟಿಸುತ್ತವೆ ಎಂಬುದು ಮೊದಲೇ ತಿಳಿದಿತ್ತು. ಎರಡು ದಾರಿಗಳು ಒಂದೇ ಕಡೆ ಬಂದು ಕೂಡಿದ ಇಂಥ ಉದಾಹರಣೆಗಳು ಇನ್ನೂ ಕೆಲವೇ ಇವೆ.

ಜೀನುಗಳ ಆಚೆಗೆ

ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಕಾಯಿಲೆ ಇದ್ದಾಗ ಇನ್ನೊಬ್ಬರಿಗೆ ಬಾರದಿರುವ ಸಾಧ್ಯತೆ ಮೂರರಲ್ಲಿ ಎರಡು ಎಂದ ಮೇಲೆ ಜೀನು ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. 1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್ ಹಸಿವಿನಿಂದ ತತ್ತರಿಸಿದಾಗ ಗರ್ಭದಲ್ಲಿ ರೂಪುಗೊಂಡವರಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಸುಮಾರು ಎರಡು ಪಟ್ಟು ಹೆಚ್ಚಾಗಿತ್ತು. ಹೆರಿಗೆಯ ತೊಡಕು, ಹೆಚ್ಚು ವಯಸ್ಸಿನ ತಂದೆ, ಹದಿಹರೆಯದಲ್ಲಿ ಗಾಂಜಾ ಸೇವನೆ, ವಲಸೆ ಇವೂ ಅಪಾಯದ ಪಟ್ಟಿಯಲ್ಲಿವೆ.

ಭಾರತದ ಪಾಲು

ಈವರೆಗಿನ ಮಾಹಿತಿಯಲ್ಲಿ ಹೆಚ್ಚಿನ ಪಾಲು ಯುರೋಪ್ ಮೂಲದವರದ್ದು. ಅವರಿಗಾಗಿ ಸಿದ್ಧವಾದ ಅಪಾಯದ ಅಂಕವನ್ನು ಬೇರೆ ಜನಸಮುದಾಯಗಳಿಗೆ ಅನ್ವಯಿಸಿದರೆ ಅದರ ನಿಖರತೆ ಕುಸಿಯುತ್ತದೆ. ದಕ್ಷಿಣ ಆಫ್ರಿಕಾದ ಖೋಸಾ ಜನರಲ್ಲಿ, ಪೂರ್ವ ಏಷ್ಯಾದಲ್ಲಿ ಈ ಕೊರತೆ ತುಂಬುವ ಕೆಲಸ ನಡೆದಿದೆ. ಚೆನ್ನೈನ ಸ್ಕಾರ್ಫ್ ಸಂಸ್ಥೆ ಆಸ್ಟ್ರೇಲಿಯಾದ ಸಂಶೋಧಕರೊಂದಿಗೆ ತಮಿಳುನಾಡಿನ 3,092 ಜನರಲ್ಲಿ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. 8ನೆಯ ವರ್ಣತಂತುವಿನಲ್ಲಿ, ನಯಾಸಿನ್ ಎಂಬ ಬಿ ಜೀವಸತ್ತ್ವದ ಬಳಕೆಗೆ ಸಂಬಂಧಿಸಿದ ಜೀನಿನ ಕಡೆಗೆ ಅದು ಬೆರಳು ತೋರಿತು. ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರದಲ್ಲಿ ಬುದ್ಧಿಭ್ರಮಣೆಯೂ ಒಂದು ಲಕ್ಷಣ. ಜೋಳವೇ ಮುಖ್ಯ ಆಹಾರವಾಗಿದ್ದ ದಖ್ಖನ್ನಿನ ಬಡವರಲ್ಲಿ ಅದನ್ನು ಪೌಷ್ಟಿಕತಜ್ಞ ಸಿ. ಗೋಪಾಲನ್ ಹೈದರಾಬಾದಿನಲ್ಲಿ ವಿವರವಾಗಿ ಅಭ್ಯಸಿಸಿದ್ದರು. ತಮಿಳುನಾಡಿನ ಫಲಿತಾಂಶ ಇನ್ನೂ ದೊಡ್ಡ ಗುಂಪುಗಳಲ್ಲಿ ಗಟ್ಟಿಯಾಗಬೇಕು.

ಬೆಂಗಳೂರಿನಲ್ಲಿ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಗಳು ಸೇರಿ ಬೇರೆ ದಾರಿ ಹಿಡಿದಿವೆ. ಒಂದಕ್ಕಿಂತ ಹೆಚ್ಚು ಜನರಿಗೆ ತೀವ್ರ ಮನೋರೋಗವಿರುವ ಕುಟುಂಬಗಳನ್ನು ಆರಿಸಿ, ಕಾಯಿಲೆ ಇರುವವರನ್ನೂ ಇಲ್ಲದವರನ್ನೂ ವರ್ಷಗಟ್ಟಲೆ ಗಮನಿಸುತ್ತಾರೆ. ಅವರ ರಕ್ತದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಆಕರಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ನರಕೋಶಗಳನ್ನು ಬೆಳೆಸುತ್ತಾರೆ. ಒಂದೇ ಮನೆಯ ಅಣ್ಣನ ನರಕೋಶವೂ ಕಾಯಿಲೆ ಬಾರದ ತಮ್ಮನ ನರಕೋಶವೂ ಅಕ್ಕಪಕ್ಕದ ತಟ್ಟೆಗಳಲ್ಲಿ ಹೇಗೆ ಬೇರೆಯಾಗಿ ಬೆಳೆಯುತ್ತವೆಂದು ನೋಡಲು ಇದರಿಂದ ಸಾಧ್ಯ. ಒಳಪಂಗಡದೊಳಗೇ ಮದುವೆಯಾಗುತ್ತ ಬಂದ ದಕ್ಷಿಣ ಭಾರತದ ಸಮುದಾಯಗಳಲ್ಲಿ, ಬೇರೆಡೆ ಕಾಣದ ಅಪರೂಪದ ಮ್ಯುಟೇಶನ್‌ಗಳು ಸಿಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಇಂಥ ಕುಟುಂಬ ಆಧಾರಿತ ಅಧ್ಯಯನಕ್ಕೆ ಇಲ್ಲಿ ವಿಶೇಷ ಅರ್ಥವಿದೆ.

ಏನು ಸಿಕ್ಕಿದೆ, ಯಾರಿಗೆ

ಜೀನುಗಳ ಪಟ್ಟಿಯಿಂದ ಹುಟ್ಟಿದ ಸ್ಕಿಜೋಫ್ರೇನಿಯಾ ಔಷಧಿ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಈಗ ಬಳಕೆಯಲ್ಲಿರುವ ಮಾತ್ರೆಗಳಲ್ಲಿ ಹೆಚ್ಚಿನವು 1952ರಲ್ಲಿ ಬಹುಮಟ್ಟಿಗೆ ಆಕಸ್ಮಿಕವಾಗಿ ದೊರೆತ ಕ್ಲೋರ್‌ಪ್ರೊಮಜಿನ್‌ನ ವಂಶದವು. ಡೋಪಮೈನ್‌ನ ಡಿ2 ಗ್ರಾಹಕವನ್ನು ತಡೆಯುವುದು ಅವುಗಳ ಕೆಲಸ. 2014ರ ಪಟ್ಟಿಯಲ್ಲಿ ಆ ಗ್ರಾಹಕದ ಜೀನೂ ಕಾಣಿಸಿಕೊಂಡಿತು. ಹುಡುಕುವ ವಿಧಾನ ಸರಿಯಾದ ಕಡೆಗೇ ಸಾಗಿದೆ ಎಂಬುದಕ್ಕೆ ಅದೊಂದು ಆಧಾರ.

ಜೀನುಗಳ ಅಂಕ ಹಾಕಿ ಯಾರಿಗೆ ಕಾಯಿಲೆ ಬರುತ್ತದೆಂದು ಮುಂಚೆಯೇ ಹೇಳುವಂತಿಲ್ಲ. ಯುರೋಪ್ ಮೂಲದವರಲ್ಲೇ ಈ ಅಂಕ ಪ್ರವೃತ್ತಿಯ ವ್ಯತ್ಯಾಸದ ಶೇ. 7ರಷ್ಟನ್ನು ಮಾತ್ರ ವಿವರಿಸುತ್ತದೆ. ಇಂಥ ಅಂಕ ನೋಡಿ ಪ್ರಯೋಗಾಲಯದ ಭ್ರೂಣಗಳನ್ನು ಆರಿಸಿಕೊಡುತ್ತೇವೆಂದು ಅಮೆರಿಕದಲ್ಲಿ ಕಂಪನಿಗಳು ಹುಟ್ಟಿಕೊಂಡಿವೆ. ಇಷ್ಟು ದುರ್ಬಲ ಆಧಾರದ ಮೇಲೆ ಇಷ್ಟು ದೊಡ್ಡ ತೀರ್ಮಾನ ಮಾಡಿಸುವುದನ್ನು ವಿರೋಧಿಸಲೇಬೇಕು.

ನಮ್ಮಲ್ಲಿ ಈ ಪ್ರಶ್ನೆ ಮೇಲೇಳುವುದು ಮದುವೆಯ ಮಾತುಕತೆಯಲ್ಲಿ. ಹುಡುಗಿಯ ಚಿಕ್ಕಪ್ಪನಿಗೆ ಹೀಗಿತ್ತಂತೆ ಎಂಬ ಒಂದು ಮಾತಿಗೆ ಸಂಬಂಧ ಮುರಿದುಬೀಳುತ್ತದೆ. ಚಿಕ್ಕಪ್ಪನಿಗೆ ಕಾಯಿಲೆ ಇದ್ದ ಮಾತ್ರಕ್ಕೆ ಆ ಹುಡುಗಿಗಿರುವ ಅಪಾಯ ನೂರಕ್ಕೆ ಎರಡು ಮೂರು ಅಷ್ಟೇ. ಹಿಂದೂ ವಿವಾಹ ಕಾಯ್ದೆಯ 13ನೆಯ ಸೆಕ್ಷನ್ನಿನ ವಿವರಣೆಯಲ್ಲಿ ಸ್ಕಿಜೋಫ್ರೇನಿಯಾದ ಹೆಸರು ನೇರವಾಗಿ ಇದೆ. ಆದರೆ ಹೆಸರು ಅಂಟಿಸಿದ ಮಾತ್ರಕ್ಕೆ ವಿಚ್ಛೇದನ ಸಿಗದು, ಕಾಯಿಲೆಯ ತೀವ್ರತೆಯನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲಿ, ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ ತೀರ್ಪಿತ್ತಿದೆ.

ಮನೋರೋಗಗಳಿಗೇ ಮೀಸಲಾದ ಆನುವಂಶಿಕ ಸಲಹಾ ಕೇಂದ್ರವನ್ನು ಜೆಹಾನಿನ್ ಆಸ್ಟಿನ್ 2012ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ತೆರೆದರು. ಅಲ್ಲಿ ಡಿಎನ್‌ಎ ಪರೀಕ್ಷೆಗಿಂತ ಮಾತುಕತೆಯೇ ಮುಖ್ಯ. ಕಾಯಿಲೆ ಹೇಗೆ ಬರುತ್ತದೆ, ಜೀನಿನ ಪಾಲು ಎಷ್ಟು, ನಿದ್ದೆ, ಔಷಧಿ, ಜನರ ಆಸರೆಗಳಿಂದ ಉಳಿದ ಪಾಲನ್ನು ಹೇಗೆ ಹಗುರ ಮಾಡಿಕೊಳ್ಳಬಹುದು ಎಂದು ಕುಟುಂಬದವರನ್ನು ಕೂರಿಸಿಕೊಂಡು ವಿವರಿಸುತ್ತಾರೆ. ಸಾಧ್ಯತೆಯ ಅಂಕಿ ಬೇಕೆಂದವರಿಗೆ ಅದನ್ನೂ ಹೇಳುತ್ತಾರೆ. 22ನೆಯ ವರ್ಣತಂತುವಿನ ಲೋಪದ ಗುರುತುಗಳು ಕಂಡರೆ ಮಾತ್ರ ರಕ್ತಪರೀಕ್ಷೆಯ ಮಾತು ಬರುತ್ತದೆ. ಆ ಲೋಪ ಇರುವುದು ಖಚಿತವಾದರೆ ಹೃದಯವನ್ನೂ ಕ್ಯಾಲ್ಸಿಯಂ ಮಟ್ಟವನ್ನೂ ನೋಡಿ ಚಿಕಿತ್ಸೆ ಕೊಡಬಹುದು. ಅನೇಕ ತಂದೆತಾಯಂದಿರು ಅಲ್ಲಿಗೆ ಬರುವುದು ತಾವೇನೋ ತಪ್ಪು ಮಾಡಿದೆವೆಂಬ ಕೊರಗು ಹೊತ್ತು. ಹೆಸ್ಟನ್‌ನಿಂದ ಹಿಡಿದು ಇಂದಿನವರೆಗೆ ಸಂಗ್ರಹವಾದ ಆಧಾರಗಳನ್ನು ಮುಂದಿಟ್ಟು, ಹಾಗಲ್ಲ ಎಂದು ಸಲಹೆಗಾರರು ಅವರಿಗೆ ಬಿಡಿಸಿ ಹೇಳುತ್ತಾರೆ.